ಸಕ್ಕರೆ ಎಷ್ಟು ನೀರು ಕುಡಿದಿದೆ?

ಸಕ್ಕರೆ ಡಬ್ಬಿಯೊಳಗೆ ನೋಡಿ, ಮಕ್ಕಳೇ. ಎಲ್ಲ ಒಣ ಹರಳು, ನೀರಿನ ಪಸೆಯೂ ಇಲ್ಲ. ಆದರೆ ಚಹಾಕ್ಕೆ ಹಾಕುವ ಒಂದು ಚಮಚ, ಅಂದರೆ 5 ಗ್ರಾಂ ಸಕ್ಕರೆಯ ಹಿಂದೆ ಸುಮಾರು 9 ಲೀಟರ್ ನೀರಿದೆ! ಕಿಲೋ ಸಕ್ಕರೆಗೆ ಸುಮಾರು 1,780 ಲೀಟರ್. ಇದು ಜಗತ್ತಿನ ಸರಾಸರಿ ಲೆಕ್ಕ. ಇಷ್ಟೊಂದು ನೀರು ಎಲ್ಲಿ ಖರ್ಚಾಯಿತು?

ಕಾರ್ಖಾನೆಯಲ್ಲೇ? ಬೀದರ ಜಿಲ್ಲೆ ಭಾಲ್ಕಿ ತಾಲ್ಲೂಕಿನ ಹುಣಜಿಯಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಇಂಥ ಕಾರ್ಖಾನೆಗಳಲ್ಲಿ ಕಬ್ಬು ನುರಿಸಿ, ರಸ ಕುದಿಸಿ ಸಕ್ಕರೆ ಮಾಡುತ್ತಾರೆ. ಒಂದು ಕಿಲೋ ಸಕ್ಕರೆಗೆ ಸುಮಾರು 10 ಕಿಲೋ ಕಬ್ಬು ಬೇಕು. ಕಬ್ಬಿನ ತೂಕದಲ್ಲಿ ಶೇ. 70ರಷ್ಟು ನೀರೇ ಇರುವುದರಿಂದ, ಆ 10 ಕಿಲೋದೊಳಗೆ 7 ಲೀಟರ್ ನೀರಿರುತ್ತದೆ. ರಸ ಕುದಿಯುವಾಗ ಏಳುವ ಆವಿಯನ್ನು ತಣಿಸಿದರೆ ಅದು ಮತ್ತೆ ನೀರಾಗುತ್ತದೆ. ಅದನ್ನು ಕಾರ್ಖಾನೆಯ ಕೆಲಸಕ್ಕೇ ಬಳಸಬಹುದು. ಹಾಗಾಗಿ ನೀರು ಖರ್ಚಾದದ್ದು ಬೇರೆ ಕಡೆ.

ಹೊಲಕ್ಕೆ ಹೋಗೋಣ. ಕಬ್ಬು ಹೆಚ್ಚುಕಡಿಮೆ ಒಂದು ವರ್ಷದ ಬೆಳೆ. ಬೇರು ಹೀರಿದ ನೀರಿನ ಬಹುಪಾಲು ಎಲೆಯ ಪತ್ರರಂಧ್ರಗಳಿಂದ ಆವಿಯಾಗಿ ಹೋಗುತ್ತದೆ. ಇದೇ ಬಾಷ್ಪವಿಸರ್ಜನೆ. ಬಿಸಿಲಿನಲ್ಲಿರುವ ಯಾವುದಾದರೂ ಗಿಡದ ಎಲೆಗಳಿಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ತೊಡಿಸಿ, ಬಾಯಿ ಕಟ್ಟಿ. ಕೆಲವು ಗಂಟೆಗಳ ಬಳಿಕ ಚೀಲದ ಒಳಮೈಯಲ್ಲಿ ಹನಿ ಕೂತಿರುತ್ತದೆ.

ಒಂದು ವಸ್ತುವಿಗಾಗಿ ಹೀಗೆ ಖರ್ಚಾಗುವ ಒಟ್ಟು ನೀರನ್ನು ಲೆಕ್ಕ ಹಾಕುವ ದಾರಿಯನ್ನು ನೆದರ್ಲೆಂಡ್ಸ್‌ನ ವಿಜ್ಞಾನಿ ಆರ್ಯೆನ್ ಹೂಕ್‌ಸ್ಟ್ರಾ 2002ರಲ್ಲಿ ತೋರಿಸಿದರು. ಅದಕ್ಕೆ ‘ನೀರಿನ ಹೆಜ್ಜೆಗುರುತು’ ಎನ್ನುತ್ತಾರೆ. ಅದರಲ್ಲಿ ಮೂರು ಬಣ್ಣ. ಮಣ್ಣಿನಲ್ಲಿ ಇಂಗಿ ಬೆಳೆಗೆ ಸಿಗುವ ಮಳೆನೀರು ಹಸಿರು. ನದಿ, ಕೆರೆ, ಬೋರ್‌ವೆಲ್‌ನಿಂದ ತೆಗೆದದ್ದು ನೀಲಿ. ನೀರಿಗೆ ಸೇರಿದ ಕೊಳೆಯನ್ನು ತೆಳುವಾಗಿಸಲು ಬೇಕಾಗುವಷ್ಟು ನೀರು ಬೂದು.

ಅದೇ ಬೀದರ ಜಿಲ್ಲೆಯ ಔರಾದ ಕಡೆಯ ಹೆಸರು, ತೊಗರಿ ಹೆಚ್ಚಾಗಿ ಹಸಿರು ನೀರಿನಲ್ಲೇ ಬೆಳೆಯುತ್ತವೆ. ಕಬ್ಬಿಗೆ ಮಳೆಗಾಲ ಮುಗಿದ ಮೇಲೂ ನೀರು ಬೇಕು. ಆಗ ಕಾರಂಜಾ ಜಲಾಶಯದ ಕಾಲುವೆಯೋ ಬೋರ್‌ವೆಲ್ಲೋ ಕೊಡುವ ನೀಲಿ ನೀರೇ ಗತಿ. ಕಾರಂಜಾದ ನೀರು ಬೀದರ ನಗರಕ್ಕೆ ಕುಡಿಯಲೂ ಬೇಕಲ್ಲ!

ಈಗ ಒಂದು ಬಿಸ್ಕತ್ತು ಕಂಪನಿ ನೀರು ಉಳಿಸಲು ಹೊರಟಿದೆ ಎನ್ನೋಣ. ತನ್ನ ಕಾರ್ಖಾನೆಯ ನಲ್ಲಿ ಬಿಗಿ ಮಾಡಿದರೆ ಉಳಿಯುವುದು ಅಷ್ಟಿಷ್ಟೇ. ಸಕ್ಕರೆ ಯಾವ ಊರಿನದು, ಅಲ್ಲಿ ಅಂತರ್ಜಲ ಹೇಗಿದೆ ಎಂದು ಅದು ವಿಚಾರಿಸಬೇಕು. ರೈತರಿಗೆ ಹನಿ ನೀರಾವರಿಗೆ ನೆರವಾಗಬೇಕು. ನೀರು ಬೇರಿನ ಬುಡಕ್ಕೇ ಬಿದ್ದರೆ ಸಾಲಿನ ನಡುವಿನ ಬರಿ ಮಣ್ಣಿನಿಂದ ಆವಿಯಾಗುವುದು ಕಡಿಮೆ.

ಇಲ್ಲೊಂದು ತೊಡಕಿದೆ. ಉಳಿದ ನೀರಿನಲ್ಲಿ ಇನ್ನೊಂದು ಎಕರೆ ಕಬ್ಬು ಹಚ್ಚಿದರೆ ಬೋರ್‌ವೆಲ್‌ಗೆ ಸಿಕ್ಕಿದ್ದೇನು? ಆದ್ದರಿಂದ ‘ನಾವು ಇಷ್ಟು ನೀರು ಉಳಿಸಿದೆವು’ ಎಂದು ಯಾವ ಕಂಪನಿ ಹೇಳಿದರೂ ನೀವು ಕೇಳಬೇಕಾದದ್ದು ಇಷ್ಟು: ಬೆಳೆ ಬೆಳೆದ ಊರಿನ ಬಾವಿಯಲ್ಲಿ ನೀರು ಮೇಲೆ ಬಂತೇ?