ಲೆಡ್ಜರಿನಿಂದ ಗಣಕಯಂತ್ರಕ್ಕೆ: ಮುಂಬಯಿ ಬ್ಯಾಂಕು ನೌಕರರ ಮರುಕಲಿಕೆ

ಮುಂಬಯಿಯ ಕೋಟೆ ಪ್ರದೇಶದ ಬ್ಯಾಂಕು ಶಾಖೆಗಳಲ್ಲಿ ಜೂನ್ ಮತ್ತು ಡಿಸೆಂಬರ್ ತಿಂಗಳುಗಳ ಕೊನೆಯ ದಿನಗಳು ಒಂದು ಕಾಲದಲ್ಲಿ ಜಾಗರಣೆಯ ದಿನಗಳಾಗಿದ್ದವು. ಉಳಿತಾಯ ಖಾತೆಗಳ ಅರ್ಧವಾರ್ಷಿಕ ಬಡ್ಡಿಯನ್ನು ಗುಮಾಸ್ತರು ಕೈಯಿಂದಲೇ ಲೆಕ್ಕ ಹಾಕಬೇಕಿತ್ತು. ಪ್ರತಿ ತಿಂಗಳ 10ನೆಯ ತಾರೀಖಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಅತ್ಯಂತ ಕಡಿಮೆ ಶಿಲ್ಕನ್ನು ಹುಡುಕಿ, ಆರು ತಿಂಗಳ ಮೊತ್ತ ಕೂಡಿಸಿ, ಬಡ್ಡಿ ಬರೆಯಬೇಕು. ಅದನ್ನು ಇನ್ನೊಬ್ಬರು ತಾಳೆ ನೋಡಬೇಕು. ಲೆಡ್ಜರುಗಳ ಒಟ್ಟು ಮೊತ್ತಕ್ಕೂ ಜನರಲ್ ಲೆಡ್ಜರಿಗೂ ಒಂದು ರೂಪಾಯಿ ವ್ಯತ್ಯಾಸ ಬಂದರೂ ಹುಡುಕಾಟ ಮತ್ತೆ ಮೊದಲಿನಿಂದ ಆರಂಭ. ಕೊನೆಯ ಲೋಕಲ್ ರೈಲು ತಪ್ಪಿದವರು ಮೇಜಿನ ಮೇಲೆಯೇ ಮಲಗಿದ್ದುಂಟು.

ಈ ಗುಮಾಸ್ತರಲ್ಲಿ ಕನ್ನಡಿಗರ ಸಂಖ್ಯೆ ಗಣನೀಯವಾಗಿತ್ತು. ಕರಾವಳಿಯಿಂದ ಬಂದು, ಹಗಲು ಹೋಟೆಲುಗಳಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಬ್ಯಾಂಕಿನ ಕೆಲಸ ಗಳಿಸಿದವರು ಅವರಲ್ಲಿ ಅನೇಕರು. ದುಡಿಯುತ್ತಲೇ ಕಲಿಯುವುದು ಅವರಿಗೆ ಹೊಸದೇನೂ ಆಗಿರಲಿಲ್ಲ. ಆದರೂ 1980ರ ದಶಕದಲ್ಲಿ ಗಣಕಯಂತ್ರವು ಶಾಖೆಯ ಬಾಗಿಲಿಗೆ ಬಂದಾಗ ಅವರು ಅಂಜಿದರು. ಆ ಅಂಜಿಕೆಯನ್ನು ಹಿಂದುಳಿದ ಮನೋಭಾವವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಏಕೆಂದರೆ ಅವರು ದಿನವೂ ರೈಲಿನ ಕಿಟಕಿಯಿಂದ ನೋಡುತ್ತಿದ್ದ ದೃಶ್ಯವೇ ಬೇರೆಯಾಗಿತ್ತು. 1982ರ ಜನವರಿ 18ರಂದು ಆರಂಭವಾದ ಜವಳಿ ಗಿರಣಿಗಳ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಪಾಲ್ಗೊಂಡಿದ್ದರು. ಮುಷ್ಕರದ ಕಾರಣ ಯಂತ್ರವಲ್ಲ, ವೇತನ ಮತ್ತು ಬೋನಸ್. ಆದರೆ ಅದು ಕುಸಿದ ಮೇಲೆ ಅಸಂಖ್ಯ ಕಾರ್ಮಿಕರಿಗೆ ಮರಳಿ ಕೆಲಸ ದೊರೆಯಲಿಲ್ಲ. ಬಟ್ಟೆಯ ಉತ್ಪಾದನೆ ಬಹುಮಟ್ಟಿಗೆ ಭಿವಂಡಿಯಂತಹ ಊರುಗಳ ವಿದ್ಯುತ್ ಮಗ್ಗಗಳ ಪಾಲಾಯಿತು. ಪರೇಲ್, ಲಾಲ್‌ಬಾಗ್‌ಗಳ ನುರಿತ ನೇಕಾರನ ಕೈಗೆ ಬೇರೊಂದು ಕಸುಬನ್ನು ಕಲಿಸುವ ಏರ್ಪಾಡು ಹೇಳಿಕೊಳ್ಳುವಷ್ಟು ಇರಲಿಲ್ಲ. ಕೈಗಾರಿಕೆಗಳ ಪುನರ್ರಚನೆಯಿಂದ ಕೆಲಸ ಕಳೆದುಕೊಂಡವರಿಗೆ ಮರುತರಬೇತಿ ನೀಡುವ ಉದ್ದೇಶವನ್ನೂ ಹೊತ್ತು 1992ರಲ್ಲಿ ರಾಷ್ಟ್ರೀಯ ನವೀಕರಣ ನಿಧಿ ಸ್ಥಾಪನೆಯಾಯಿತು. ಆದರೆ ಅದರ ಬಹುಭಾಗ ಕೇಂದ್ರೋದ್ಯಮಗಳ ಸ್ವಯಂನಿವೃತ್ತಿ ಪರಿಹಾರಕ್ಕೆ ವೆಚ್ಚವಾಯಿತು. ಹಣ ಹಂಚುವುದು ಸುಲಭ, ನಲವತ್ತೈದು ವರ್ಷದ ಮನುಷ್ಯನಿಗೆ ಹೊಸ ಕೆಲಸ ಕಲಿಸುವುದು ಕಷ್ಟ ಎಂಬುದು ಆಗಲೇ ತಿಳಿದುಹೋಗಿತ್ತು.

ಬ್ಯಾಂಕುಗಳಲ್ಲಿ ಹಾಗಾಗಲಿಲ್ಲ. ಇದಕ್ಕೆ ಮುಖ್ಯ ಕಾರಣ, ಯಂತ್ರಕ್ಕಿಂತ ಮೊದಲು ಮಾತುಕತೆ ನಡೆದದ್ದು. 1983ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳ ಆಡಳಿತ ವರ್ಗವನ್ನು ಪ್ರತಿನಿಧಿಸುವ ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ನಿಗೂ ನೌಕರರ ಸಂಘಗಳಿಗೂ ಯಾಂತ್ರೀಕರಣದ ಕುರಿತು ಒಪ್ಪಂದವಾಯಿತು. ಮರುವರ್ಷ ಡಾ. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿ ವರದಿ ನೀಡಿತು. 1989ರಲ್ಲಿ ಅವರದೇ ಅಧ್ಯಕ್ಷತೆಯ ಎರಡನೆಯ ಸಮಿತಿಯ ವರದಿ ಬಂತು. 1993ರ ಅಕ್ಟೋಬರಿನಲ್ಲಿ ಇನ್ನೊಂದು ಒಪ್ಪಂದ. ಯಂತ್ರದ ಮೇಲೆ ಕೆಲಸ ಮಾಡುವ ಗುಮಾಸ್ತರಿಗೆ ವಿಶೇಷ ಭತ್ಯೆಯೂ ದೊರೆಯಿತು. ಸಂಘಗಳ ಹಟದಿಂದ ಹತ್ತು ವರ್ಷ ವ್ಯರ್ಥವಾಯಿತೆಂಬ ಟೀಕೆ ಉಂಟು. ಸರತಿಯಲ್ಲಿ ಟೋಕನ್ ಹಿಡಿದು ಕಾದ ಗ್ರಾಹಕರ ಮಟ್ಟಿಗೆ ಆ ಟೀಕೆ ಸುಳ್ಳಲ್ಲ. ಆದರೆ ನೌಕರನಿಗೆ ಆ ಹತ್ತು ವರ್ಷಗಳೇ ಕಲಿಕೆಯ ಕಾಲಾವಕಾಶವಾದವು.

ಕಲಿಕೆ ಆರಂಭವಾದದ್ದು ಅಡ್ವಾನ್ಸ್ಡ್ ಲೆಡ್ಜರ್ ಪೋಸ್ಟಿಂಗ್ ಮಷೀನ್ ಎಂಬ, ಒಂದು ಕೌಂಟರಿನ ಖಾತೆಗಳನ್ನಷ್ಟೇ ನೋಡಿಕೊಳ್ಳುವ ಯಂತ್ರದಿಂದ. ಇಪ್ಪತ್ತು ವರ್ಷ ಲೇಖನಿ ಹಿಡಿದವರು ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಒತ್ತುತ್ತಿದ್ದರು. ಒಂದು ಗುಂಡಿ ತಪ್ಪಿ ಒತ್ತಿದರೆ ಗ್ರಾಹಕರ ಹಣವೆಲ್ಲ ಅಳಿಸಿಹೋದೀತೆಂಬ ಹೆದರಿಕೆ ಬೇರೆ. ಕೆಲವು ಕಾಲ ಲೆಡ್ಜರನ್ನೂ ಯಂತ್ರವನ್ನೂ ಜೊತೆಜೊತೆಗೆ ನಡೆಸಬೇಕಾದ್ದರಿಂದ ಕೆಲಸ ಕಡಿಮೆಯಾಗುವ ಬದಲು ಇಮ್ಮಡಿಯಾಯಿತು.

ಹಳೆಯ ನೌಕರನ ಬೆಲೆ ತಿಳಿದದ್ದು ಈ ಹಂತದಲ್ಲಿಯೇ. ಯಂತ್ರಕ್ಕೆ ಮೊದಲು ಪ್ರತಿ ಖಾತೆಯ ಹೆಸರು, ವಿಳಾಸ, ಶಿಲ್ಕು ತುಂಬಿಸಬೇಕು. ಕಾಲಬಾದೇವಿಯಂತಹ ವ್ಯಾಪಾರದ ಬೀದಿಯಲ್ಲಿ ಒಂದೇ ಹೆಸರಿನ ಖಾತೆಗಳು ಹಲವಿರುವುದು ಸಹಜ. ಯಾವುದು ಯಾರದು, ಯಾವ ಖಾತೆ ವರ್ಷಗಳಿಂದ ನಿದ್ರಿಸುತ್ತಿದೆ, ಯಾವ ಚೆಕ್ಕಿಗೆ ತಡೆ ಬಂದಿದೆ ಎಂಬುದೆಲ್ಲ ಗುಮಾಸ್ತನ ನೆನಪಿನಲ್ಲಿತ್ತು. ಯಂತ್ರವು ತಪ್ಪು ಮೊತ್ತವನ್ನೂ ಸರಿಯಾದ ಮೊತ್ತದಷ್ಟೇ ನಿಷ್ಠೆಯಿಂದ ಕೂಡಿಸುತ್ತದೆ. ತಾಳೆ ಏಕೆ ಬರಲಿಲ್ಲವೆಂದು ಊಹಿಸುವುದು ಯಂತ್ರ ಬಲ್ಲ ತರುಣನಿಗೆ ಸಾಧ್ಯವಾಗುತ್ತಿರಲಿಲ್ಲ. ಜಮಾ ಖರ್ಚು ಬಲ್ಲ ಹಿರಿಯನಿಗೆ ಸಾಧ್ಯವಾಗುತ್ತಿತ್ತು.

ತರಬೇತಿಯ ಕ್ರಮದಲ್ಲಿ ದೋಷಗಳಿದ್ದವು. ರಿಸರ್ವ್ ಬ್ಯಾಂಕು 1954ರಲ್ಲಿಯೇ ಮುಂಬಯಿಯಲ್ಲಿ ಬ್ಯಾಂಕರುಗಳ ತರಬೇತಿ ಕಾಲೇಜನ್ನು ತೆರೆದಿತ್ತಾದರೂ ಅದು ಅಧಿಕಾರಿಗಳಿಗೆ. ಗುಮಾಸ್ತರಿಗೆ ದೊರೆಯುತ್ತಿದ್ದುದು ಕೆಲವೇ ದಿನಗಳ ತರಗತಿ. ಕಲಿತು ಶಾಖೆಗೆ ಮರಳಿದರೆ ಅಲ್ಲಿ ಯಂತ್ರವೇ ಇನ್ನೂ ಬಂದಿರದು; ಅದು ಬರುವಷ್ಟರಲ್ಲಿ ಕಲಿತದ್ದು ಮರೆತಿರುತ್ತಿತ್ತು. ಕಚೇರಿ ಮುಗಿದ ಮೇಲೆ ಕಲಿಯಿರೆಂಬ ಸಲಹೆ ಮುಂಬಯಿಯಲ್ಲಿ ನಡೆಯುವ ಮಾತಲ್ಲ. ಡೊಂಬಿವಲಿಗೋ ವಿರಾರಕ್ಕೋ ಹೋಗಬೇಕಾದವರಿಗೆ ರೈಲಿನಲ್ಲಿಯೇ ದಿನಕ್ಕೆ ಮೂರು ಗಂಟೆ ಕಳೆಯುತ್ತದೆ. ಮನೆ ಸೇರಿ ಅಡುಗೆ ಮಾಡಬೇಕಾದ ಮಹಿಳಾ ನೌಕರರಂತೂ ಇಂತಹ ಕಲಿಕೆಯಿಂದ ತಾವಾಗಿಯೇ ಹೊರಗುಳಿಯುತ್ತಿದ್ದರು. ಕೆಲಸದ ವೇಳೆಯಲ್ಲಿ, ಕೌಂಟರಿಗೆ ಬದಲಿ ನೌಕರರನ್ನು ಕೊಟ್ಟು ಕಲಿಸಿದ ಕಡೆಗಳಲ್ಲಿ ಮಾತ್ರ ವಿದ್ಯೆ ನೆಲೆನಿಂತಿತು. ಅಲ್ಲಿಯೂ ನಿಜವಾದ ಗುರು ಪಕ್ಕದ ಕೌಂಟರಿನವರೇ.

ಮುಂದಿನ ಬದಲಾವಣೆಗಳು ಇಷ್ಟು ಸಾವಧಾನದಿಂದ ಬರಲಿಲ್ಲ. ಬ್ಯಾಂಕುಗಳ ಶೇ. 70ರಷ್ಟು ವ್ಯವಹಾರ 2001ರ ಆರಂಭದೊಳಗೆ ಗಣಕೀಕೃತವಾಗಬೇಕೆಂದು ಕೇಂದ್ರ ಜಾಗೃತ ಆಯೋಗ ಸೂಚಿಸಿತು. ಅದೇ ವೇಳೆಗೆ, 2000-01ರ ಸ್ವಯಂನಿವೃತ್ತಿ ಯೋಜನೆಯಲ್ಲಿ ಸರ್ಕಾರಿ ವಲಯದ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ನೌಕರರು ಹೊರನಡೆದರು. ಅವರೊಂದಿಗೆ ಶಾಖೆಗಳ ನೆನಪೂ ಹೊರಟುಹೋಯಿತು. ಉಳಿದವರು ಕೋರ್ ಬ್ಯಾಂಕಿಂಗ್ ಕಲಿಯಬೇಕಾಯಿತು. ಶಾಖೆಯ ಗ್ರಾಹಕ ಇಡೀ ಬ್ಯಾಂಕಿನ ಗ್ರಾಹಕನಾದ; ಮುಲುಂಡಿನ ಖಾತೆಯ ಹಣವನ್ನು ಮಂಗಳೂರಿನಲ್ಲಿ ಪಡೆಯುವುದು ಸಾಧ್ಯವಾಯಿತು.

ಇಲ್ಲಿ ಅರೆಕಲಿಕೆಯ ಅಪಾಯ ಗಂಭೀರವಾದುದು. ಹೊಸ ವ್ಯವಸ್ಥೆಯಲ್ಲಿ ಒಬ್ಬರು ನಮೂದಿಸಿದ್ದನ್ನು ಇನ್ನೊಬ್ಬರು ಪರಿಶೀಲಿಸಿ ಅನುಮೋದಿಸಬೇಕು. ಪರದೆ ಅರ್ಥವಾಗದ ಹಿರಿಯರು ತಮ್ಮ ಗುಪ್ತಪದವನ್ನು ಕಿರಿಯರಿಗೆ ಹೇಳಿ ಕೆಲಸ ಸಾಗಿಸಿದರೆ, ಮುಂದೆ ವಂಚನೆ ನಡೆದಾಗ ಕಡತದಲ್ಲಿ ಕಾಣುವುದು ಹಿರಿಯರ ಹೆಸರೇ. ಮೂವತ್ತು ವರ್ಷ ನಿಷ್ಕಳಂಕವಾಗಿ ದುಡಿದವರು ನಿವೃತ್ತಿಯ ಅಂಚಿನಲ್ಲಿ ಇಲಾಖಾ ವಿಚಾರಣೆ ಎದುರಿಸಬೇಕಾದೀತು. ಆದುದರಿಂದ ತರಬೇತಿಯೆಂದರೆ ಗುಂಡಿ ಒತ್ತುವುದನ್ನು ಕಲಿಸುವುದಷ್ಟೇ ಅಲ್ಲ. ಒತ್ತಿದ ಮೇಲೆ ಯಾವ ಹೊಣೆ ಹೆಗಲೇರುತ್ತದೆಂಬುದನ್ನೂ ತಿಳಿಸಬೇಕು.

2010ರ ಏಪ್ರಿಲ್ 1ರಿಂದ ಉಳಿತಾಯ ಖಾತೆಗೆ ಪ್ರತಿದಿನದ ಶಿಲ್ಕಿನ ಮೇಲೆ ಬಡ್ಡಿ ಲೆಕ್ಕಹಾಕುವುದು ಕಡ್ಡಾಯವಾಯಿತು. ಲೆಡ್ಜರಿನ ಕಾಲದಲ್ಲಿ ಕೈಲೆಕ್ಕಕ್ಕೆ ಇದು ನಿಲುಕುವಂಥದ್ದಲ್ಲ. 2019 ಮತ್ತು 2020ರ ವಿಲೀನಗಳಲ್ಲಿ ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಬ್ಯಾಂಕುಗಳ ನೌಕರರು ಬೇರೆ ಬ್ಯಾಂಕುಗಳ ರೀತಿನೀತಿಗಳಿಗೆ ಮತ್ತೊಮ್ಮೆ ಒಗ್ಗಿಕೊಂಡರು. ಈಗ ಪಾಠಗಳು ದೂರವಾಣಿಯ ಪರದೆಯ ಮೇಲೆಯೇ ಬರುತ್ತವೆ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ನಿಂತು ಪುಟ ಸರಿಸಿ, ಕೊನೆಯ ಪ್ರಶ್ನೆಗಳಿಗೆ ಉತ್ತರ ಒತ್ತಿ ಪ್ರಮಾಣಪತ್ರ ಪಡೆಯುವುದನ್ನು ಕಲಿಕೆಯೆಂದು ಎಣಿಸುವುದಾದರೆ ಹಿಂದಿನ ಮೂರು ದಿನಗಳ ತರಗತಿಯೇ ಮೇಲು.

2016ರಲ್ಲಿ ಯುಪಿಐ ಪಾವತಿ ಬಂದ ಮೇಲೆ ಕೌಂಟರಿನಲ್ಲಿ ಕೇಳಿಬರುವ ಪ್ರಶ್ನೆಯೂ ಬದಲಾಗಿದೆ. ಖಾತೆಯಿಂದ ಹಣ ಹೋಗಿದೆ, ಅಂಗಡಿಯವನಿಗೆ ತಲುಪಿಲ್ಲ. ಹಾಗಾದರೆ ಅದು ಎಲ್ಲಿದೆ ಎಂದು ಘಾಟ್‌ಕೋಪರಿನ ಪಿಂಚಣಿದಾರರೊಬ್ಬರು ಕೇಳಬಹುದು. ಆ ಹಣ ಯಾವ ಲೆಕ್ಕದಲ್ಲಿ ತಾಳೆಗಾಗಿ ಕಾದು ಕುಳಿತಿದೆಯೆಂದು ಹುಡುಕಿ ಹೇಳಬಲ್ಲವರು, ಜಮಾ ಖರ್ಚನ್ನೂ ಪರದೆಯನ್ನೂ ಒಟ್ಟಿಗೆ ಓದಬಲ್ಲ ನೌಕರರು.