ಉಬ್ಬು-ಕುಗ್ಗುಗಳ ಲೆಕ್ಕ
ಅಕ್ಕೋಳದ ನಮ್ಮ ಎರೆಹೊಲ ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಿರಿಯುತ್ತದೆ. ಅಲ್ಲಿ ಬಿಸಿಲು ನೀರನ್ನು ಹೀರಿರುತ್ತದೆ. ಆದರೆ ಎನ್-ಐಸೊಪ್ರೊಪೈಲ್ ಅಕ್ರಿಲಮೈಡಿನ ಪಾಲಿಮರ್ ಜೆಲ್ ನೀರಿನಲ್ಲಿ ಮುಳುಗಿದ್ದರೂ, ಶಾಖ ಸುಮಾರು 32 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ, ಒಳಗಿನ ನೀರನ್ನು ಹೊರದೂಡಿ ಕುಗ್ಗುತ್ತದೆ; ತಂಪಾದರೆ ಮತ್ತೆ ಉಬ್ಬುತ್ತದೆ.

ನೀರಿನೊಡನೆ ಬೆರೆಯುವ ಒಲವು ಜೆಲ್ಲಿನ ಜಾಲವನ್ನು ಹಿಗ್ಗಿಸಿದರೆ, ಜಾಲದ ಸ್ಥಿತಿಸ್ಥಾಪಕತೆ ಹಿಂದಕ್ಕೆಳೆಯುತ್ತದೆ. ಇವೆರಡರ ಸಮತೂಕವನ್ನು ಫ್ಲೋರಿ ಮತ್ತು ರೆಹ್ನರ್ 1943ರಲ್ಲಿ ಸಮೀಕರಣಕ್ಕಿಳಿಸಿದರು. ಶಾಖವೇರಿದಾಗ ಆ ಒಲವೇ ಕುಂದುತ್ತದೆ. ಜೆಲ್ಲಿನ ಅಡ್ಡಳತೆ ಇಮ್ಮಡಿಸಿದರೆ ಉಬ್ಬುವ ಕಾಲ ನಾಲ್ಮಡಿಸುವುದೆಂದು ತನಾಕಾ ಮತ್ತು ಫಿಲ್ಮೋರ್ 1979ರಲ್ಲಿ ತೋರಿಸಿದರು.

ಇಂಥ ಜೆಲ್ಲಿನಲ್ಲಿ ಔಷಧವನ್ನಿರಿಸಿದಾಗ ಲೆಕ್ಕ ತಪ್ಪಿದರೆ ಅದು ಅಕಾಲದಲ್ಲಿ ಒಸರೀತು. ಆಯುಷ್ಯವೆಲ್ಲ ಉಪಮಾಲಂಕಾರದ ಪಾಠ ಹೇಳಿದ ನಾನು ಒಪ್ಪಲೇಬೇಕು: ಹೊಲದ ಹೋಲಿಕೆ ಬಾಗಿಲವರೆಗೆ ಕರೆತರುತ್ತದೆ, ರೋಗಿಯನ್ನು ಕಾಯುವುದು ಲೆಕ್ಕ.