ಹಳೆಯ ಗಣಕಯಂತ್ರಕ್ಕೆ ಉತ್ತರಾಧಿಕಾರಿ: ಮಲೆನಾಡಿನ ಕಚೇರಿಗೊಂದು ವಿವೇಕದ ಆಯ್ಕೆ



ಅಡಿಕೆ ಮರದ ಸೋಗೆ ಹಳದಿಗಟ್ಟಿತೆಂದು ಮರುದಿನವೇ ಕೊಡಲಿ ಹಿಡಿದು ತೋಟಕ್ಕಿಳಿಯುವ ಕೃಷಿಕನಿಲ್ಲ. ಬಸಿಗಾಲುವೆ ಕಟ್ಟಿಕೊಂಡಿದೆಯೇ ಎಂದು ಆತ ಮೊದಲು ನೋಡುತ್ತಾನೆ. ಬುಡ ಬಿಡಿಸಿ ಬೇರನ್ನು ಪರೀಕ್ಷಿಸುತ್ತಾನೆ. ಗೊಬ್ಬರ ಕೊಟ್ಟು ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕುತ್ತಾನೆ. ಮರ ಉಳಿಯದೆಂದು ಖಚಿತವಾದ ಮೇಲೆಯೇ ಅದರ ಜಾಗಕ್ಕೆ ಹೊಸ ಸಸಿಯ ಯೋಚನೆ. ಆದರೆ ಅದೇ ಕೃಷಿಕನ ಮನೆಯ ಅಥವಾ ಸಂಘದ ಕಚೇರಿಯ ಗಣಕಯಂತ್ರ ನಿಧಾನವಾಯಿತೆಂದರೆ ಕೇಳಿಬರುವ ಮಾತು ಒಂದೇ: “ಇದು ಹಳತಾಯಿತು, ಹೊಸತು ತರೋಣ.” ತೋಟದಲ್ಲಿರುವ ವಿವೇಕ ಮೇಜಿನ ಬಳಿ ಬಂದಾಗ ಎಲ್ಲಿ ಹೋಗುತ್ತದೆ ಎಂಬುದೇ ಇಂದಿನ ವಿಷಯ.

ಮಲೆನಾಡಿನ ಒಂದು ಗ್ರಾಮ ಸಂಘದ ಕಚೇರಿಯನ್ನು ಉದಾಹರಣೆಯಾಗಿ ಭಾವಿಸಬಹುದು. 2014ರ ಸುಮಾರಿಗೆ ಕೊಂಡ ಗಣಕಯಂತ್ರ. ನಾಲ್ಕು ಜಿಬಿ ರ‍್ಯಾಮ್, ಐನೂರು ಜಿಬಿ ಹಾರ್ಡ್ ಡಿಸ್ಕ್. ಗುಂಡಿ ಒತ್ತಿ ಒಂದು ಲೋಟ ಚಹಾ ಕುಡಿದು ಬರುವಷ್ಟರಲ್ಲಿ ಪರದೆ ಮೂಡುತ್ತದೆ. ಪೆಟ್ಟಿಗೆಯ ಬೆಲೆ ಇಂದು ಗುಜರಿಯ ಬೆಲೆಯಷ್ಟೇ. ಆದರೆ ಅದರೊಳಗೆ ಹತ್ತು ವರ್ಷಗಳ ಮಳೆ ದಾಖಲೆಯಿದೆ, ಊರಿನ ನಾಟಿ ಭತ್ತದ ತಳಿಗಳ ಪಟ್ಟಿಯಿದೆ, 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಸಿದ್ಧವಾದ ಜನತಾ ಜೀವವೈವಿಧ್ಯ ದಾಖಲಾತಿಯಿದೆ, 2006ರ ಅರಣ್ಯ ಹಕ್ಕು ಕಾಯಿದೆಯಡಿ ಸಲ್ಲಿಸಿದ ಅರ್ಜಿಗಳ ಪ್ರತಿಗಳಿವೆ. ಇವು ಅಂಗಡಿಯಲ್ಲಿ ದೊರೆಯುವ ವಸ್ತುಗಳಲ್ಲ. ಆದ್ದರಿಂದ ಯಂತ್ರದ ಆಯ್ಕೆಗೂ ಮುಂಚಿನ ಮೊದಲ ಹೆಜ್ಜೆ ದಾಖಲೆಗಳ ಪ್ರತಿ ಮಾಡುವುದು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಒಂದೇ ಸಿಡಿಲು, ಒಂದೇ ಗುಡ್ಡ ಕುಸಿತ ಮೂರನ್ನೂ ನುಂಗದಂತೆ ಇರಬೇಕು.

ಈ ಪ್ರಶ್ನೆ ಈಗ ತುರ್ತಾಗಿರುವುದಕ್ಕೆ ಕಾರಣವೂ ಇದೆ. 2015ರಲ್ಲಿ ಬಂದ ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ಕಂಪನಿ ನೀಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಮನೆಬಳಕೆದಾರರಿಗೆ ಮತ್ತೊಂದು ವರ್ಷದ ಭದ್ರತಾ ಪರಿಷ್ಕರಣೆಯ ಯೋಜನೆಯೊಂದನ್ನು ಪ್ರಕಟಿಸಲಾಯಿತಾದರೂ ಅದು ಉಪಶಮನವೇ ಹೊರತು ಪರಿಹಾರವಲ್ಲ. ಮುಂದಿನ ಆವೃತ್ತಿಯಾದ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಬಿಲ್ಲೆ ಬೇಕು, ಇಂಟೆಲ್ ಸಂಸ್ಕಾರಕವಾದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನದೋ ಅದರ ಮುಂದಿನದೋ ಆಗಿರಬೇಕು. 2014ರ ಯಂತ್ರ ಈ ಜರಡಿಯಲ್ಲಿ ನಿಲ್ಲುವುದಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಇಲ್ಲಿ ಯಂತ್ರ ಕೆಟ್ಟಿಲ್ಲ, ನಿಯಮ ಬದಲಾಗಿದೆ. ಇವೆರಡರ ಅಂತರವನ್ನು ಅರಿಯದೆ ಹಣ ವ್ಯಯಿಸುವುದು ತರವಲ್ಲ.

ಎರಡನೆಯ ಹೆಜ್ಜೆ ರೋಗಪತ್ತೆ. ಯಂತ್ರದ ಗಡಿಯಾರ ಪ್ರತಿದಿನ ಹಳೆಯ ದಿನಾಂಕ ತೋರಿಸುತ್ತಿದ್ದರೆ, ಅಂತರಜಾಲದ ತಾಣಗಳು ತೆರೆಯಲೊಲ್ಲದಿದ್ದರೆ, ಅನೇಕ ವೇಳೆ ಕಾರಣ ಮದರ್‌ಬೋರ್ಡಿನಲ್ಲಿರುವ ಸಿಆರ್ 2032 ಎಂಬ ಗುಂಡಿಯಾಕಾರದ ಪುಟ್ಟ ಸೆಲ್ ಮುಗಿದಿರುವುದು. ಕೆಲವೇ ರೂಪಾಯಿಗಳಲ್ಲಿ ಮುಗಿಯುವ ಕೆಲಸ. ಯಂತ್ರ ತಾನಾಗಿ ನಿಂತುಹೋಗುತ್ತಿದ್ದರೆ ಫ್ಯಾನಿನಲ್ಲಿ ಧೂಳು ಕಟ್ಟಿರಬಹುದು, ಇರುವೆ ಗೂಡು ಮಾಡಿರಬಹುದು, ಸಂಸ್ಕಾರಕದ ಮೇಲಿನ ಶಾಖವಾಹಕ ಲೇಪ ಒಣಗಿರಬಹುದು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆ ವೋಲ್ಟೇಜ್ ಏರಿಳಿತದಿಂದ ಸೊರಗಿರುವುದೂ ಉಂಟು. ಆದರೆ ಮದರ್‌ಬೋರ್ಡಿನ ಕೆಪಾಸಿಟರುಗಳ ತಲೆ ಉಬ್ಬಿದ್ದರೆ, ಮಳೆಗಾಲದ ತೇವಕ್ಕೆ ತಾಮ್ರದ ಗೆರೆಗಳು ಹಸಿರುಗಟ್ಟಿದ್ದರೆ, ಆ ಮರದ ಬೇರು ಕೊಳೆತಿದೆಯೆಂದೇ ಅರ್ಥ. ಅದಕ್ಕೆ ಗೊಬ್ಬರ ಹಾಕಿ ಫಲವಿಲ್ಲ.

ಬರಿಯ ನಿಧಾನವೇ ದೋಷವಾಗಿದ್ದರೆ ಅದರ ಮೂಲ ಬಹುತೇಕ ಹಾರ್ಡ್ ಡಿಸ್ಕ್. ಅದರೊಳಗೆ ತಟ್ಟೆ ತಿರುಗುತ್ತದೆ, ಅದರ ಮೇಲೆ ಸೂಜಿಯಂಥ ತೋಳು ಆಚೀಚೆ ಓಡಾಡಿ ಮಾಹಿತಿಯನ್ನು ಹೆಕ್ಕುತ್ತದೆ. ಸಾವಿರಾರು ಸಣ್ಣ ಕಡತಗಳನ್ನು ಹೀಗೆ ಹೆಕ್ಕುವಾಗ ಕಾಲವೆಲ್ಲ ಓಡಾಟಕ್ಕೇ ಸಲ್ಲುತ್ತದೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಹಳೆಯ ಯಂತ್ರಕ್ಕೆ 240 ಅಥವಾ 256 ಜಿಬಿಯ ಸ್ಯಾಟಾ ಎಸ್‌ಎಸ್‌ಡಿ ಜೋಡಿಸಿ, ರ‍್ಯಾಮ್ ಅನ್ನು ಎಂಟು ಜಿಬಿಗೆ ಏರಿಸಿದರೆ ನಿಮಿಷಗಟ್ಟಲೆ ಕಾಯುವ ಸ್ಥಿತಿ ಅರೆನಿಮಿಷದ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ಹಳೆಯ ಯಂತ್ರದಲ್ಲಿರುವುದು ಡಿಡಿಆರ್3 ರ‍್ಯಾಮೋ ಡಿಡಿಆರ್4 ರ‍್ಯಾಮೋ ಎಂದು ನೋಡಿಕೊಂಡೇ ಕೊಳ್ಳಬೇಕು. ಒಂದು ಇನ್ನೊಂದರ ಜಾಗದಲ್ಲಿ ಕೂರುವುದಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ಆದ್ದರಿಂದ ಹಿಂದೆಂದೋ ಕೇಳಿದ ದರವನ್ನು ನಂಬದೆ ಹೊಸದಾಗಿ ವಿಚಾರಿಸಬೇಕು. ದುರಸ್ತಿಯ ವೆಚ್ಚ ಬದಲಿ ಯಂತ್ರದ ಬೆಲೆಯ ಮೂರನೆಯ ಒಂದು ಭಾಗದೊಳಗೆ ನಿಂತರೆ ದುರಸ್ತಿ, ಅದನ್ನು ಮೀರಿದರೆ ಬದಲಿ ಎಂಬ ಸರಳ ಗೆರೆ ಹಾಕಿಕೊಳ್ಳಬಹುದು.

ಹೀಗೆ ಚೇತರಿಸಿದ ಯಂತ್ರಕ್ಕೆ ಕಾರ್ಯಾಚರಣಾ ವ್ಯವಸ್ಥೆ ಯಾವುದು? ಇಲ್ಲಿ ಲಿನಕ್ಸ್ ನೆರವಿಗೆ ಬರುತ್ತದೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಆರಂಭಿಸಿದ ಈ ಕಾರ್ಯ ಇಂದು ಜಗತ್ತಿನ ಸಾಮೂಹಿಕ ಸ್ವತ್ತು. ಬಿತ್ತನೆ ಬೀಜವನ್ನು ಹಂಚಿಕೊಂಡು ಬದುಕಿದ ಊರುಗಳಿಗೆ ಅದರ ತತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ: ಪಡೆಯಬಹುದು, ಬಳಸಬಹುದು, ತಿದ್ದಬಹುದು, ನೆರೆಯವರಿಗೂ ಕೊಡಬಹುದು. ಲಿನಕ್ಸ್ ಮಿಂಟ್, ಡೆಬಿಯನ್ ಮುಂತಾದವು ಹಳೆಯ ಯಂತ್ರಗಳ ಮೇಲೂ ಚೆನ್ನಾಗಿ ನಡೆಯುತ್ತವೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಬಹುಕಾಲದಿಂದ ಸ್ವತಂತ್ರ ತಂತ್ರಾಂಶದ ಮೇಲೆಯೇ ಮಕ್ಕಳಿಗೆ ಪಾಠ ಹೇಳುತ್ತಿವೆ. ಸ್ಥಾಪಿಸುವ ಮುನ್ನ ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡುವ ಅನುಕೂಲವೂ ಇದೆ. ಪ್ರಿಂಟರ್, ಸ್ಕ್ಯಾನರ್ ಕೆಲಸ ಮಾಡುತ್ತವೆಯೇ ಎಂಬುದನ್ನು ಆಗಲೇ ಪರೀಕ್ಷಿಸಿಕೊಳ್ಳಬೇಕು, ಏಕೆಂದರೆ ಕೆಲವು ಹಳೆಯ ಲೇಸರ್ ಪ್ರಿಂಟರುಗಳು ಲಿನಕ್ಸಿಗೆ ಸುಲಭವಾಗಿ ಒಗ್ಗುವುದಿಲ್ಲ. ಸಂಘದ ಲೆಕ್ಕಪತ್ರಕ್ಕೆ ವಿಂಡೋಸ್‌ನಲ್ಲಷ್ಟೇ ನಡೆಯುವ ತಂತ್ರಾಂಶ ಅನಿವಾರ್ಯವಾಗಿದ್ದರೆ ಲಿನಕ್ಸ್ ಅಲ್ಲಿಗೆ ಸೂಕ್ತವಲ್ಲ ಎಂದು ನೇರವಾಗಿಯೇ ಒಪ್ಪಿಕೊಳ್ಳಬೇಕು.

ಕನ್ನಡದ ಪ್ರಶ್ನೆ ಪ್ರತ್ಯೇಕವಾಗಿ ಗಮನಾರ್ಹ. ಹಿಂದಿನ ವರ್ಷಗಳಲ್ಲಿ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ ಕಡತಗಳು ಯುನಿಕೋಡ್ ಅಲ್ಲ. ಆ ಅಕ್ಷರಶೈಲಿ ಇಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಭತ್ತದ ತಳಿಗಳ ಹೆಸರುಗಳ ಬದಲು ಅರ್ಥವಿಲ್ಲದ ರೋಮನ್ ಲಿಪಿಯ ಚಿಹ್ನೆಗಳು ಕಾಣಿಸುತ್ತವೆ. ಇದರಿಂದ ಗಾಬರಿಯಾಗಿ ಕಡತವನ್ನೇ ಅಳಿಸಿಬಿಟ್ಟರೆ ಅನಾಹುತ. ಹಳೆಯ ಯಂತ್ರ ಜೀವಂತವಿರುವಾಗಲೇ ಪರಿವರ್ತಕ ತಂತ್ರಾಂಶದಿಂದ ಅವನ್ನು ಯುನಿಕೋಡ್‌ಗೆ ತಂದು, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿ, ಮೂಲ ಪ್ರತಿಯನ್ನೂ ಉಳಿಸಿಕೊಳ್ಳುವುದು ಕ್ಷೇಮ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ಲಿನಕ್ಸಿನಲ್ಲಿಯೂ ದೊರೆಯುವುದರಿಂದ ಬೆರಳಿನ ಅಭ್ಯಾಸ ಬದಲಾಗಬೇಕಿಲ್ಲ. ಕಾಲೇಜು ವಿದ್ಯಾರ್ಥಿಗಳು ಒಂದು ರಜೆಯಲ್ಲಿ ಊರಿಗೆ ಸಲ್ಲಿಸಬಹುದಾದ ಸೇವೆ ಇದು.

ಯಂತ್ರವನ್ನು ಬದಲಿಸಲೇಬೇಕಾದರೆ ಮೊದಲು ನೋಡಬೇಕಾದದ್ದು ಪುನರ್ನವೀಕರಿಸಿದ ಯಂತ್ರಗಳನ್ನು. ದೊಡ್ಡ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಕಚೇರಿ ಗಣಕಯಂತ್ರಗಳು ಶುಚಿಗೊಂಡು, ಪರೀಕ್ಷೆಗೊಳಪಟ್ಟು ಮಾರಾಟಕ್ಕೆ ಬರುತ್ತವೆ. ಕಚೇರಿ ಬಳಕೆಗೆಂದೇ ತಯಾರಾದ ಇವುಗಳ ಕಟ್ಟು ಗಟ್ಟಿ. ಬೆಲೆ ಹೊಸದಕ್ಕಿಂತ ಬಹಳ ಕಡಿಮೆ. ಇಂಟೆಲ್ ಸಂಸ್ಕಾರಕದ ಹೆಸರಿನಲ್ಲಿಯೇ ಅದರ ವಯಸ್ಸು ಅಡಗಿದೆ: ಐ5-4590 ಎಂದರೆ ನಾಲ್ಕನೆಯ ತಲೆಮಾರು, ಐ5-8500 ಎಂದರೆ ಎಂಟನೆಯದು, ಐ5-10400 ಎಂದರೆ ಹತ್ತನೆಯದು. “ಐ5 ಇದೆ” ಎಂಬ ವ್ಯಾಪಾರಿಯ ಮಾತಷ್ಟೇ ಸಾಲದು, ಪೂರ್ಣ ಸಂಖ್ಯೆಯನ್ನು ಬರೆಸಿಕೊಳ್ಳಬೇಕು. ಡಿಸ್ಕ್ ಎಷ್ಟು ಗಂಟೆ ಓಡಿದೆ ಎಂಬುದನ್ನು ಅದರ ಸ್ಮಾರ್ಟ್ ವರದಿಯಲ್ಲಿ ನೋಡಬೇಕು. ಬಯಾಸ್‌ಗೆ ಹಿಂದಿನವರ ಗುಪ್ತಪದ ಉಳಿದಿದೆಯೇ, ಎಲ್ಲ ಯುಎಸ್‌ಬಿ ಕಿಂಡಿಗಳು ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಬೇಕು. ಜಿಎಸ್‌ಟಿ ಬಿಲ್ಲು ಮತ್ತು ಲಿಖಿತ ವಾರಂಟಿ ಇಲ್ಲದ ಯಂತ್ರ ಎಷ್ಟೇ ಅಗ್ಗವಾದರೂ ಬೇಡ. ಹಳೆಯ ಮಾನಿಟರ್, ಕೀಲಿಮಣೆ, ಮೌಸ್‌ಗಳನ್ನು ಉಳಿಸಿಕೊಂಡು ಪೆಟ್ಟಿಗೆಯನ್ನು ಮಾತ್ರ ಬದಲಿಸಿದರೆ ವೆಚ್ಚ ಇನ್ನಷ್ಟು ಇಳಿಯುತ್ತದೆ.

ಇನ್ನೊಂದು ಮಾರ್ಗ ಅಂಗೈಯಗಲದ ಮಿನಿ ಗಣಕಯಂತ್ರ. 2023ರಲ್ಲಿ ಬಂದ ಇಂಟೆಲ್ ಎನ್100 ಸಂಸ್ಕಾರಕದ ವಿನ್ಯಾಸ ಶಕ್ತಿ ಕೇವಲ 6 ವ್ಯಾಟ್. ಪತ್ರವ್ಯವಹಾರ, ಲೆಕ್ಕ, ಅಂತರಜಾಲಗಳಿಗೆ ಅದು ಸಾಕು. ವಿದ್ಯುತ್ತಿನ ಲೆಕ್ಕವನ್ನು ಇಲ್ಲಿ ಪ್ರಾಮಾಣಿಕವಾಗಿ ಮಾಡಬೇಕು. ಹಳೆಯ ಯಂತ್ರ ಮಾನಿಟರ್ ಸಹಿತ 120 ವ್ಯಾಟ್, ಮಿನಿ ಯಂತ್ರ ಎಲ್‌ಇಡಿ ಮಾನಿಟರ್ ಸಹಿತ 40 ವ್ಯಾಟ್ ಎಂದು ಅಂದಾಜಿಸಿದರೆ, ದಿನಕ್ಕೆ 6 ಗಂಟೆಯಂತೆ ವರ್ಷಕ್ಕೆ 300 ದಿನಗಳಲ್ಲಿ 216 ಯೂನಿಟ್ ಒಂದೆಡೆ, 72 ಯೂನಿಟ್ ಇನ್ನೊಂದೆಡೆ. ಉಳಿತಾಯ 144 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಎಂದುಕೊಂಡರೆ 864 ರೂಪಾಯಿ. ಇಷ್ಟಕ್ಕೇ ಹೊಸ ಯಂತ್ರ ಕೊಳ್ಳುವುದು ನ್ಯಾಯವಲ್ಲ. ಆದರೆ ಆಷಾಢದಲ್ಲಿ ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಇಲ್ಲದಾಗ ಲೆಕ್ಕವೇ ಬೇರೆ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯ ಅರ್ಧ ಶಕ್ತಿಯನ್ನು ಬಳಸಿದರೆ, ಇನ್ವರ್ಟರಿನ ನಷ್ಟವನ್ನು ಕಳೆಯುವ ಮುನ್ನ, ಹಳೆಯ ಯಂತ್ರ ಏಳೂವರೆ ಗಂಟೆ ನಡೆಯುತ್ತದೆ, ಮಿನಿ ಯಂತ್ರ ಇಪ್ಪತ್ತೆರಡೂವರೆ ಗಂಟೆ. ಸೌರಫಲಕವನ್ನೋ ಹಳ್ಳದ ನೀರಿನ ಕಿರು ಜಲವಿದ್ಯುತ್ತನ್ನೋ ನಂಬಿರುವ ಮನೆಗಳಿಗೆ ಇದೇ ನಿರ್ಣಾಯಕ. ಯಾವ ಯಂತ್ರವಾದರೂ ಗುಡುಗು ಕೇಳಿದೊಡನೆ ವಿದ್ಯುತ್ ಹಾಗೂ ದೂರವಾಣಿ ತಂತಿಗಳೆರಡನ್ನೂ ಕಳಚಿಡುವ ಅಭ್ಯಾಸ ಬೇಕು. ಮಳೆಗಾಲದಲ್ಲಿ ವಾರಕ್ಕೆ ಎರಡು ಬಾರಿಯಾದರೂ ಚಾಲೂ ಮಾಡಿದರೆ ಒಳಗಿನ ಬಿಸಿ ತೇವವನ್ನು ಆರಿಸುತ್ತದೆ.

ಕಡೆಯದಾಗಿ, ಹಳೆಯ ಪೆಟ್ಟಿಗೆ ಎಲ್ಲಿಗೆ ಹೋಗುತ್ತದೆ? 2004ರಲ್ಲಿ ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ ಪ್ರಕಟಿಸಿದ ಅಧ್ಯಯನವೊಂದು ಆ ಕಾಲದ ಒಂದು ಗಣಕಯಂತ್ರ ಮತ್ತು ಅದರ ಮಾನಿಟರನ್ನು ತಯಾರಿಸಲು ಸುಮಾರು 240 ಕಿಲೋ ಇಂಧನ, 22 ಕಿಲೋ ರಾಸಾಯನಿಕ ಮತ್ತು 1500 ಕಿಲೋ ನೀರು ಬೇಕಾಗುತ್ತದೆಂದು ಲೆಕ್ಕ ಹಾಕಿತ್ತು. ಇಷ್ಟನ್ನು ನುಂಗಿ ಹುಟ್ಟಿದ ವಸ್ತುವನ್ನು ಅಕಾಲದಲ್ಲಿ ಎಸೆಯುವುದು ಎಳೆಯ ಮರವನ್ನು ಕಡಿದಂತೆ. 2022ರಲ್ಲಿ ಜಗತ್ತು ಸೃಷ್ಟಿಸಿದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಸಂದದ್ದೆಂದು ದಾಖಲಾದದ್ದು ಶೇಕಡ 22.3 ಮಾತ್ರ. ಹಳೆಯ ಡೂಮ್ ಮಾನಿಟರಿನ ಗಾಜಿನಲ್ಲಿ ಸೀಸವಿದೆ. ತಾಮ್ರಕ್ಕಾಗಿ ಪಿವಿಸಿ ತಂತಿಗಳನ್ನು ಸುಟ್ಟರೆ ಡಯಾಕ್ಸಿನ್ ಹೊಮ್ಮುತ್ತದೆ. ಹಳ್ಳದ ಬದಿಗೆ ಎಸೆದದ್ದು ಒಂದು ಮಳೆಗಾಲದಲ್ಲಿ ಹೊಳೆಗಿಳಿಯುತ್ತದೆ, ಕೆಳಗಿನ ಊರು ಕುಡಿಯುವುದು ಅದೇ ಹೊಳೆಯ ನೀರನ್ನು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಡಿಸ್ಕನ್ನು ತೆಗೆದಿಟ್ಟುಕೊಂಡು ಉಳಿದದ್ದನ್ನು ನೋಂದಾಯಿತ ಮರುಬಳಕೆದಾರರಿಗೇ ಒಪ್ಪಿಸಬೇಕು. ಒಂದು ಮನೆಗೆ ಅದು ದೂರದ ಮಾತಾದರೆ ಹತ್ತು ಊರುಗಳು ಸೇರಿ ವರ್ಷಕ್ಕೊಮ್ಮೆ ಒಂದು ವಾಹನ ಮಾಡಬಹುದು. ಅಡಿಕೆಯನ್ನು ಒಟ್ಟಾಗಿ ಮಂಡಿಗೆ ಸಾಗಿಸುವವರಿಗೆ ಇದು ಅಸಾಧ್ಯವಲ್ಲ.

ಪ್ರತಿ ಮಾಡುವುದು, ಪರೀಕ್ಷಿಸುವುದು, ದುರಸ್ತಿ ಮಾಡುವುದು, ಆಗದಿದ್ದರೆ ಬಳಸಿದ್ದನ್ನು ಕೊಳ್ಳುವುದು, ಅದೂ ಒದಗದಿದ್ದರೆ ಮಾತ್ರ ಹೊಸತು. ಈ ಕ್ರಮ ತಪ್ಪದಿರಲಿ. ಮುಂದಿನ ಮಳೆಗಾಲ ಬರುವುದರೊಳಗೆ ಪ್ರತಿಯೊಂದು ಊರಿನ ದಾಖಲೆಗಳೂ ಯುನಿಕೋಡ್‌ನಲ್ಲಿ, ಮೂರು ಪ್ರತಿಗಳಲ್ಲಿ ಭದ್ರವಾಗಿರಲಿ. ಯಂತ್ರ ಯಾವುದಾದರೂ ಆಗಬಹುದು, ಭತ್ತದ ತಳಿಗಳ ಹೆಸರುಗಳು ಮಾತ್ರ ಅಳಿಯಬಾರದು.